ಆಟದಂಗಳ ಪ್ರಶ್ನೋತ್ತರ: ಎವರ್ಟನ್ ದಾಖಲೆಗಳ ಲೆಕ್ಕಾಚಾರ

ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಎವರ್ಟನ್ ಫುಟ್‌ಬಾಲ್ ಕ್ಲಬ್ಬಿನ ಡಿಕ್ಸಿ ಡೀನ್ ಒಂದೇ ಲೀಗ್ ಋತುವಿನಲ್ಲಿ 60 ಗೋಲು ಹೊಡೆದಿದ್ದ ಸಂಗತಿಯನ್ನು ಕಳೆದ ಸಂಚಿಕೆಯಲ್ಲಿ ಎರಡೇ ಸಾಲಿನಲ್ಲಿ ಹೇಳಿ ಮುಗಿಸಿದ್ದೆವು. ಅದನ್ನು ಓದಿ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಕೆಲವು ಅನುಮಾನದವು, ಕೆಲವು ಜಗಳದವು, ಬಹುಪಾಲು ನಿಜವಾದ ಕುತೂಹಲದವು. ಹೀಗಾಗಿ ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ಒಂದು ಕ್ಲಬ್ಬಿನ ದಾಖಲೆಗಳಿಗೇ ಮೀಸಲಿಟ್ಟಿದ್ದೇವೆ. ಕ್ರಿಕೆಟ್ ಕುರಿತ ಪ್ರಶ್ನೆಗಳಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರ ಸಿಗುತ್ತದೆ.

ಪ್ರಶ್ನೆ: ಒಬ್ಬನೇ ಆಟಗಾರ ಒಂದು ಋತುವಿನಲ್ಲಿ 60 ಗೋಲು ಹೊಡೆದನೆಂದರೆ ನಮ್ಮ ಹಾಸ್ಟೆಲಿನಲ್ಲಿ ಯಾರೂ ನಂಬುತ್ತಿಲ್ಲ. ಪ್ರೀಮಿಯರ್ ಲೀಗಿನಲ್ಲಿ ಎರ್ಲಿಂಗ್ ಹಾಲಂಡ್ ಹೊಡೆದ 36 ಗೋಲುಗಳೇ ದಾಖಲೆಯಾಗಿರುವಾಗ, ಅಂದಿನ ಎದುರಾಳಿಗಳು ತೀರ ದುರ್ಬಲರಾಗಿದ್ದಿರಬೇಕು ಎಂಬುದು ಗೆಳೆಯರ ವಾದ. ಯಾವುದು ಸರಿ, ಸರ್?
— ಪದವಿ ವಿದ್ಯಾರ್ಥಿ, ಬಳ್ಳಾರಿ

ಉತ್ತರ: ಅರವತ್ತು ಗೋಲುಗಳು ನಿಜ, ಅವು ಬಂದದ್ದು 1927–28ರ ಋತುವಿನಲ್ಲಿ, 39 ಪಂದ್ಯಗಳಲ್ಲಿ. ನಿಮ್ಮ ಗೆಳೆಯರ ಅನುಮಾನದಲ್ಲಿಯೂ ಸ್ವಲ್ಪ ಹುರುಳಿದೆ, ಆದರೆ ಅವರು ಬೆರಳು ತೋರಿಸುತ್ತಿರುವ ಕಡೆ ಅಲ್ಲ. ಎದುರಾಳಿಗಳ ದೌರ್ಬಲ್ಯಕ್ಕಿಂತ ಮೊದಲು ನೋಡಬೇಕಾದದ್ದು ಆಫ್‌ಸೈಡ್ ನಿಯಮವನ್ನು. 1925ರವರೆಗೆ ಮುನ್ನಡೆ ಆಟಗಾರನಿಗೆ ಚೆಂಡು ಒದಗಿಸುವ ಹೊತ್ತಿಗೆ ಅವನಿಗೂ ಗೋಲು ಗೆರೆಗೂ ನಡುವೆ ಎದುರಾಳಿ ತಂಡದ ಮೂವರಾದರೂ ಇರಬೇಕಿತ್ತು. ಹೀಗಾಗಿ ಚಾಣಾಕ್ಷ ರಕ್ಷಣಾ ಆಟಗಾರನೊಬ್ಬ ಸರಿಯಾದ ಕ್ಷಣಕ್ಕೆ ಒಂದೆರಡು ಹೆಜ್ಜೆ ಮುಂದೆ ಬಂದುಬಿಟ್ಟರೆ ಇಡೀ ದಾಳಿಯೇ ಆಫ್‌ಸೈಡಿನ ಬಲೆಗೆ ಬೀಳುತ್ತಿತ್ತು. ಆ ವರ್ಷ ಮೂವರ ಜಾಗದಲ್ಲಿ ಇಬ್ಬರು ಸಾಕೆಂದು ನಿಯಮ ಬದಲಾಯಿತು. ಪರಿಣಾಮ ತಕ್ಷಣ ಕಾಣಿಸಿತು: ನಾಲ್ಕೂ ಡಿವಿಷನ್ನುಗಳ 1,848 ಪಂದ್ಯಗಳಲ್ಲಿ 1924–25ರಲ್ಲಿ 4,700 ಗೋಲುಗಳಾಗಿದ್ದರೆ, ಮರುವರ್ಷ ಅಷ್ಟೇ ಪಂದ್ಯಗಳಲ್ಲಿ 6,373 ಗೋಲುಗಳಾದವು. ನಡುಸಾಲಿನ ಮಧ್ಯದ ಆಟಗಾರನನ್ನು ಹಿಂದಕ್ಕೆಳೆದು ರಕ್ಷಣೆಗೆ ನಿಲ್ಲಿಸುವ ಮದ್ದನ್ನು ಆರ್ಸೆನಲ್‌ನಂಥ ತಂಡಗಳು ರೂಢಿಸಿಕೊಂಡವಾದರೂ, ಅದು ಎಲ್ಲ ಕಡೆ ಹರಡುವುದಕ್ಕೆ ಕೆಲವು ವರ್ಷಗಳೇ ಹಿಡಿದವು. ಡೀನ್ ಆಡಿದ್ದು ಆ ನಡುವಿನ ಅವಧಿಯಲ್ಲಿ. ಅಲ್ಲದೆ ಅಂದಿನ ಲೀಗಿನಲ್ಲಿ ಪ್ರತಿ ತಂಡಕ್ಕೆ 42 ಪಂದ್ಯಗಳಿದ್ದವು. ಹಾಲಂಡ್ ಆಡುವ ಲೀಗಿನಲ್ಲಿ 38.

ಇಷ್ಟನ್ನೆಲ್ಲ ಕಳೆದರೂ ಡೀನ್ ಕಿರಿದಾಗುವುದಿಲ್ಲ. ನಿಯಮದ ಲಾಭ ದೇಶದ ಎಲ್ಲ ಮುನ್ನಡೆ ಆಟಗಾರರಿಗೂ ಸಮನಾಗಿ ಸಿಕ್ಕಿತ್ತು. ಆದರೂ ಅಗ್ರ ದರ್ಜೆಯಲ್ಲಿ ಅವನ ನಂತರದ ಅತಿ ದೊಡ್ಡ ಮೊತ್ತ 1930–31ರಲ್ಲಿ ಆಸ್ಟನ್ ವಿಲ್ಲಾದ ಪೊಂಗೊ ವೇರಿಂಗ್ ಹೊಡೆದ 49. ಎರಡನೆಯ ಡಿವಿಷನ್ನಿನಲ್ಲಿ ಮಿಡಲ್ಸ್‌ಬರೊ ತಂಡದ ಜಾರ್ಜ್ ಕ್ಯಾಮ್ಸೆಲ್ 1926–27ರಲ್ಲಿ 59 ಹೊಡೆದಿದ್ದ. ಡೀನ್‌ನ ಎದುರಿಗಿದ್ದ ಗುರಿ ಅದೇ. ಕೊನೆಯ ಎರಡು ಪಂದ್ಯಗಳು ಬಾಕಿ ಇದ್ದಾಗ ಅವನ ಹೆಸರಿನಲ್ಲಿ 53 ಗೋಲುಗಳಿದ್ದವು. ಬರ್ನ್‌ಲಿ ವಿರುದ್ಧ ನಾಲ್ಕು ಹೊಡೆದ. 1928ರ ಮೇ 5ರಂದು ಗುಡಿಸನ್ ಪಾರ್ಕಿನಲ್ಲಿ ಆರ್ಸೆನಲ್ ವಿರುದ್ಧ ಎರಡನ್ನು ಹೊಡೆದು ಕ್ಯಾಮ್ಸೆಲ್‌ನನ್ನು ಸರಿಗಟ್ಟಿದ. ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಎಡಬದಿಯ ಆಟಗಾರ ಅಲೆಕ್ ಟ್ರೂಪ್ ಒದ್ದ ಕಾರ್ನರ್ ಚೆಂಡಿಗೆ ತಲೆ ಕೊಟ್ಟು ಅರವತ್ತನೆಯದನ್ನು ಮುಗಿಸಿದ. ಪಂದ್ಯ 3–3ರಲ್ಲಿ ಡ್ರಾ ಆಯಿತು, ಆದರೆ ಆ ದಿನ ಫಲಿತಾಂಶದ ಗೊಡವೆ ಯಾರಿಗೂ ಇದ್ದಂತಿಲ್ಲ. ಲೀಗ್ ಪ್ರಶಸ್ತಿ ಹೇಗೂ ಎವರ್ಟನ್ನಿನದಾಗಿತ್ತು. ತಂಡ ಆ ಋತುವಿನಲ್ಲಿ ಹೊಡೆದ 102 ಗೋಲುಗಳಲ್ಲಿ 60 ಅವನೊಬ್ಬನವು. ಆಗ ಅವನಿಗೆ 21 ವರ್ಷ. ಎರಡು ವರ್ಷದ ಹಿಂದೆಯಷ್ಟೇ ಮೋಟಾರ್ ಸೈಕಲ್ ಅಪಘಾತದಲ್ಲಿ ತಲೆಬುರುಡೆ ಬಿರುಕುಬಿಟ್ಟಿತ್ತು ಎಂಬುದನ್ನೂ ಹಾಸ್ಟೆಲಿನ ಗೆಳೆಯರಿಗೆ ತಿಳಿಸಿ. ಆ ತಲೆಯಿಂದಲೇ ಅವನು ಅವುಗಳಲ್ಲಿ ಎಷ್ಟೋ ಗೋಲು ಹೊಡೆದದ್ದು.

ಪ್ರಶ್ನೆ: ಡೀನ್ ಎವರ್ಟನ್ ಪರವಾಗಿ ಹೊಡೆದ ಒಟ್ಟು ಗೋಲುಗಳು ಒಂದು ಕಡೆ 349, ಇನ್ನೊಂದು ಕಡೆ 377, ಮತ್ತೊಂದು ಕಡೆ 383 ಎಂದಿವೆ. ಮಕ್ಕಳಿಗೆ ರಸಪ್ರಶ್ನೆ ಸ್ಪರ್ಧೆ ನಡೆಸುವ ನಮ್ಮಂಥವರು ಯಾವುದನ್ನು ಸರಿಯುತ್ತರವೆಂದು ಇಟ್ಟುಕೊಳ್ಳಬೇಕು?
— ದೈಹಿಕ ಶಿಕ್ಷಣ ಶಿಕ್ಷಕರು, ಕುಷ್ಟಗಿ

ಉತ್ತರ: ಗುರುಗಳೆ, ಮೂರೂ ಸರಿ. ಭತ್ತದ ತೂಕವನ್ನು ಚೀಲ ಸೇರಿಸಿ ಹೇಳಿದ್ದೋ, ಚೀಲ ಕಳೆದು ಹೇಳಿದ್ದೋ ಎಂದು ಕೇಳದೆ ವ್ಯಾಪಾರ ಮಾಡಿದರೆ ಏನಾಗುತ್ತದೆಂದು ನಿಮ್ಮ ಕಡೆಯ ರೈತರಿಗೆ ಗೊತ್ತು. ಇಲ್ಲಿಯೂ ಅದೇ ಪ್ರಶ್ನೆಯನ್ನು ಕೇಳಬೇಕು. ಲೀಗ್ ಪಂದ್ಯಗಳನ್ನು ಮಾತ್ರ ಹಿಡಿದರೆ 399 ಪಂದ್ಯಗಳಲ್ಲಿ 349. ಎಫ್.ಎ. ಕಪ್ಪಿನ, ಅಂದರೆ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ನಡೆಸುವ ನಾಕೌಟ್ ಪಂದ್ಯಾವಳಿಯ, 32 ಪಂದ್ಯಗಳ 28 ಗೋಲುಗಳನ್ನು ಸೇರಿಸಿದರೆ 377. ಇವುಗಳ ಮೇಲೆ ಲೀಗ್ ವಿಜೇತರಿಗೂ ಕಪ್ ವಿಜೇತರಿಗೂ ನಡುವೆ ಏರ್ಪಡುತ್ತಿದ್ದ ಚಾರಿಟಿ ಶೀಲ್ಡಿನ ಎರಡು ಪಂದ್ಯಗಳಿವೆ: 1928ರಲ್ಲಿ ಬ್ಲ್ಯಾಕ್‌ಬರ್ನ್ ವಿರುದ್ಧ ಎರಡು, 1932ರಲ್ಲಿ ನ್ಯೂಕ್ಯಾಸಲ್ ವಿರುದ್ಧ ನಾಲ್ಕು. ಆ ಆರನ್ನೂ ಕೂಡಿಸಿದರೆ 433 ಪಂದ್ಯಗಳಲ್ಲಿ 383. ರಸಪ್ರಶ್ನೆಯಲ್ಲಿ ‘ಲೀಗಿನಲ್ಲಿ’ ಎಂದೋ ‘ಎಲ್ಲ ಅಧಿಕೃತ ಪಂದ್ಯಗಳಲ್ಲಿ’ ಎಂದೋ ಸ್ಪಷ್ಟವಾಗಿ ಸೇರಿಸಿಬಿಡಿ, ಮಕ್ಕಳ ಪಾಲಕರು ಜಗಳಕ್ಕೆ ಬರುವುದಿಲ್ಲ.

ಪ್ರಶ್ನೆ: ಇಂಗ್ಲೆಂಡಿನ ಅಗ್ರ ದರ್ಜೆಯಲ್ಲಿ ಅತಿ ಹೆಚ್ಚು ಋತುಗಳನ್ನು ಆಡಿದ ಕ್ಲಬ್ ಎವರ್ಟನ್ ಎಂದು ಓದಿದ್ದೇನೆ. ಆದರೆ ಲೀಗ್ ಶುರುವಾದ 1888ರಿಂದ ಎಣಿಸುತ್ತ ಬಂದರೆ ನನ್ನ ಲೆಕ್ಕಕ್ಕೂ ಅವರು ಹೇಳುವ ಸಂಖ್ಯೆಗೂ ತಾಳೆಯಾಗುತ್ತಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವವನಿಗೆ ತಾಳೆಯಾಗದ ಲೆಕ್ಕ ನಿದ್ದೆಗೆಡಿಸುತ್ತದೆ.
— ಬ್ಯಾಂಕ್ ನೌಕರರು, ರಾಯಚೂರು

ಉತ್ತರ: ತಾಳೆ ನೋಡೋಣ. ಮೊದಲ ಋತು 1888–89. ಅಲ್ಲಿಂದ 2025–26ರವರೆಗೆ, ಎರಡೂ ತುದಿಗಳನ್ನು ಸೇರಿಸಿ, 138 ಋತುಗಳಾಗಬೇಕು. ಮೊದಲನೆಯ ಮಹಾಯುದ್ಧದ ಕಾರಣಕ್ಕೆ 1915–16ರಿಂದ 1918–19ರವರೆಗಿನ ನಾಲ್ಕು ಋತುಗಳು ನಡೆಯಲಿಲ್ಲ. ಎರಡನೆಯ ಮಹಾಯುದ್ಧಕ್ಕೆ 1939–40ರಿಂದ 1945–46ರವರೆಗಿನ ಏಳು ಹೋದವು. ಇವುಗಳಲ್ಲಿ ಮೊದಲನೆಯದು ಶುರುವಾಗಿ ಬೆರಳೆಣಿಕೆಯ ಪಂದ್ಯಗಳಾಗುವಷ್ಟರಲ್ಲಿ ಯುದ್ಧ ಘೋಷಣೆಯಾಗಿ ನಿಂತಿತು, ಆ ಪಂದ್ಯಗಳನ್ನು ದಾಖಲೆಯಿಂದಲೇ ಅಳಿಸಿಹಾಕಲಾಯಿತು. ನೀವು ಬಹುಶಃ ತಪ್ಪಿದ್ದು ಈ ಒಂದು ಋತುವಿನ ವಿಷಯದಲ್ಲಿ. ಹನ್ನೊಂದನ್ನು ಕಳೆದರೆ 127 ಉಳಿಯುತ್ತದೆ. ಎವರ್ಟನ್ ಎರಡೇ ಬಾರಿ ಕೆಳ ದರ್ಜೆಗೆ ಇಳಿದಿದೆ: 1930ರಲ್ಲಿ ಇಳಿದು ಒಂದೇ ವರ್ಷದಲ್ಲಿ ಮರಳಿತು, 1951ರಲ್ಲಿ ಇಳಿದು ಮೂರು ವರ್ಷ ಅಲ್ಲಿಯೇ ಉಳಿಯಿತು. ಆ ನಾಲ್ಕನ್ನೂ ಕಳೆದರೆ 123. ಹಿಂದಿನ ವರ್ಷದ ಬರಹಗಳಲ್ಲಿ 122 ಎಂದಿದ್ದರೆ ಅದೂ ಸರಿಯೇ.

ಕೆಳ ದರ್ಜೆಯ ಆ ನಾಲ್ಕು ವರ್ಷಗಳ ಬಗ್ಗೆ ಅಭಿಮಾನಿಗಳು ಮಾತೆತ್ತುವುದು ಕಡಿಮೆ, ಆದರೆ ಕ್ಲಬ್ಬಿನ ಒಂದು ಋತುವಿನ ಗರಿಷ್ಠ ಗೋಲುಗಳ ದಾಖಲೆ ಬಂದದ್ದು ಅಲ್ಲಿಯೇ: 1930–31ರಲ್ಲಿ 121. ಆ ಋತುವಿನಲ್ಲಿ ಎರಡನೆಯ ಡಿವಿಷನ್ ಗೆದ್ದು ಮೇಲೆ ಬಂದ ತಂಡ ಮರುವರ್ಷವೇ ಮೊದಲ ಡಿವಿಷನ್ನಿನ ಪ್ರಶಸ್ತಿಯನ್ನೂ, ಅದರ ಮರುವರ್ಷ ಎಫ್.ಎ. ಕಪ್ಪನ್ನೂ ಗೆದ್ದಿತು. ಎಫ್.ಎ. ಕಪ್ ಫೈನಲ್ ಒಂದರಲ್ಲಿ ಆಟಗಾರರ ಅಂಗಿಗಳಿಗೆ ಸಂಖ್ಯೆ ಹಾಕಿದ್ದು 1933ರ ಆ ಫೈನಲ್‌ನಲ್ಲೇ ಮೊದಲು. ಎವರ್ಟನ್ನಿಗೆ 1ರಿಂದ 11, ಸೋತ ಮ್ಯಾಂಚೆಸ್ಟರ್ ಸಿಟಿಗೆ 12ರಿಂದ 22. ಡೀನ್ ತೊಟ್ಟದ್ದು 9.

ಪ್ರಶ್ನೆ: 1970ರಲ್ಲಿ ಲೀಗ್ ಗೆದ್ದ ಎವರ್ಟನ್ 66 ಪಾಯಿಂಟ್ ಪಡೆದಿತ್ತು, 1985ರಲ್ಲಿ ಗೆದ್ದ ಎವರ್ಟನ್ 90 ಪಡೆದಿತ್ತು. ಹಾಗಾದರೆ ಎರಡನೆಯದು ಬಹಳ ಬಲಿಷ್ಠ ತಂಡವಾಗಿತ್ತು ಎನ್ನಬಹುದೆ? ನಮ್ಮ ಸೋದರಮಾವನವರು ಒಪ್ಪುವುದಿಲ್ಲ.
— ಓದುಗರು, ಸಿಂಧನೂರು

ಉತ್ತರ: ನಿಮ್ಮ ಮಾವನವರ ಪಕ್ಷ ಬಲವಾಗಿದೆ. ಇಂಗ್ಲೆಂಡಿನ ಲೀಗಿನಲ್ಲಿ ಒಂದು ಗೆಲುವಿಗೆ ಮೂರು ಪಾಯಿಂಟ್ ಕೊಡತೊಡಗಿದ್ದು 1981–82ರಿಂದ. ಅದಕ್ಕೆ ಮೊದಲು ಎರಡೇ ಪಾಯಿಂಟ್. 1969–70ರಲ್ಲಿ ಎವರ್ಟನ್ 42 ಪಂದ್ಯಗಳಲ್ಲಿ 29ನ್ನು ಗೆದ್ದು, 8ನ್ನು ಡ್ರಾ ಮಾಡಿಕೊಂಡು, 5ನ್ನು ಸೋತಿತ್ತು. ಈಗಿನ ಪದ್ಧತಿಯಲ್ಲಿ ಅದು 95 ಪಾಯಿಂಟ್ ಆಗುತ್ತದೆ. 1984–85ರಲ್ಲಿ ಅಷ್ಟೇ ಪಂದ್ಯಗಳಲ್ಲಿ 28 ಗೆಲುವು, 6 ಡ್ರಾ, 8 ಸೋಲು. ಹಳೆಯ ಪದ್ಧತಿಯಲ್ಲಿ 62 ಮಾತ್ರ. ಇಂಥ ಪರಿವರ್ತನೆಯನ್ನು ಸಾಮಾನ್ಯವಾಗಿ ನಾನು ಅನುಮಾನದಿಂದಲೇ ನೋಡುತ್ತೇನೆ, ಏಕೆಂದರೆ ಗೆಲುವಿಗೆ ಎರಡೇ ಪಾಯಿಂಟ್ ಇದ್ದಾಗ ಎದುರಾಳಿಯ ಅಂಗಳದಲ್ಲಿ ಡ್ರಾ ಮಾಡಿಕೊಂಡು ಬರುವುದೂ ಲಾಭದಾಯಕವೆನಿಸಿ ತಂಡಗಳು ಅದಕ್ಕೆ ತಕ್ಕಂತೆ ಆಡುತ್ತಿದ್ದವು. ನಿಯಮ ಬೇರೆಯಾಗಿದ್ದರೆ ಆಟವೂ ಬೇರೆಯಾಗಿರುತ್ತಿತ್ತು. ಆದರೆ ಇಲ್ಲಿ ಯಾವ ಅಳತೆಗೋಲು ಹಿಡಿದರೂ 1970ರ ತಂಡದ ಗೆಲುವು ಒಂದು ಹೆಚ್ಚು, ಸೋಲು ಮೂರು ಕಡಿಮೆ.

1985ರ ತಂಡದ ಪರವಾಗಿ ಒಂದು ಮಾತು ಹೇಳಲೇಬೇಕು. ಹಲವು ಪಂದ್ಯಗಳು ಬಾಕಿ ಇರುವಾಗಲೇ ಅದರ ಪ್ರಶಸ್ತಿ ಖಚಿತವಾಗಿತ್ತು, ಕೊನೆಗೆ ಎರಡನೆಯ ಸ್ಥಾನದ ಲಿವರ್‌ಪೂಲ್‌ಗಿಂತ 13 ಪಾಯಿಂಟ್ ಮುಂದಿತ್ತು. ಅದೇ ಮೇ 15ರಂದು ರಾಟರ್‌ಡ್ಯಾಮ್‌ನಲ್ಲಿ ರಾಪಿಡ್ ವಿಯೆನ್ನಾ ತಂಡವನ್ನು 3–1ರಿಂದ ಸೋಲಿಸಿ ಯುರೋಪಿನ ಕಪ್ ವಿನ್ನರ್ಸ್ ಕಪ್ ಗೆದ್ದು, ಮೂರನೆಯ ದಿನ ವೆಂಬ್ಲಿಯಲ್ಲಿ ಎಫ್.ಎ. ಕಪ್ ಫೈನಲ್ ಆಡಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ 0–1ರಿಂದ ಸೋತಿತು. ದಣಿದ ಕಾಲುಗಳ ಲೆಕ್ಕವನ್ನು ಯಾವ ಪಟ್ಟಿಯೂ ಬರೆದಿಡುವುದಿಲ್ಲ.

ಪಾಯಿಂಟ್ ಪಟ್ಟಿಯನ್ನು ಕಣ್ಣುಮುಚ್ಚಿ ನಂಬಬಾರದು ಎನ್ನುವುದಕ್ಕೆ ಇತ್ತೀಚಿನ ಉದಾಹರಣೆಯೂ ಇದೇ ಕ್ಲಬ್ಬಿನದು. 2023–24ರ ಪಟ್ಟಿಯಲ್ಲಿ ಎವರ್ಟನ್ ಎದುರು 40 ಪಾಯಿಂಟ್ ಎಂದಿದೆ. ಮೈದಾನದಲ್ಲಿ ಗಳಿಸಿದ್ದು 48. ಕ್ಲಬ್ಬುಗಳಿಗೆ ಲೀಗ್ ವಿಧಿಸಿದ್ದ ಹಣಕಾಸಿನ ನಷ್ಟದ ಮಿತಿ ಮೀರಿದ್ದಕ್ಕೆ ಮೊದಲು 10 ಪಾಯಿಂಟ್ ಕಡಿತವಾಗಿ, ಮೇಲ್ಮನವಿಯಲ್ಲಿ ಅದು 6ಕ್ಕೆ ಇಳಿದು, ಆಮೇಲೆ ಇನ್ನೊಂದು ಪ್ರಕರಣದಲ್ಲಿ 2 ಕಡಿತವಾಯಿತು.

ಪ್ರಶ್ನೆ: ಎವರ್ಟನ್ನಿನ ಅತಿ ದೊಡ್ಡ ಗೆಲುವು ಮತ್ತು ಅತಿ ದೊಡ್ಡ ಸೋಲು ಯಾವುವು?
— ಓದುಗರು, ಗಂಗಾವತಿ

ಉತ್ತರ: ಗೆಲುವು 11–2, ಡರ್ಬಿ ಕೌಂಟಿ ವಿರುದ್ಧ, 1890ರ ಜನವರಿ 18ರಂದು, ಎಫ್.ಎ. ಕಪ್ ಪಂದ್ಯದಲ್ಲಿ. ಇದು ನಡೆದ ಅಂಗಳ ಯಾವುದೆಂದು ಕೇಳಿದರೆ ಇಂದಿನ ಲಿವರ್‌ಪೂಲ್ ಅಭಿಮಾನಿಗಳು ಮುಖ ಸಿಂಡರಿಸಬಹುದು: ಆ್ಯನ್‌ಫೀಲ್ಡ್. ಆಗ ಅದು ಎವರ್ಟನ್ನಿನ ಮನೆಯಂಗಳವಾಗಿತ್ತು. ಬಾಡಿಗೆ ಮತ್ತು ಒಡೆತನದ ವಿಚಾರದಲ್ಲಿ ಅಂಗಳದ ಮಾಲೀಕ ಜಾನ್ ಹೋಲ್ಡಿಂಗ್ ಅವರೊಂದಿಗೆ ಮನಸ್ತಾಪವಾಗಿ ಕ್ಲಬ್ 1892ರಲ್ಲಿ ಗುಡಿಸನ್ ಪಾರ್ಕಿಗೆ ಹೊರಟುಹೋಯಿತು. ಖಾಲಿ ಉಳಿದ ಅಂಗಳಕ್ಕಾಗಿ ಹೋಲ್ಡಿಂಗ್ ಹುಟ್ಟುಹಾಕಿದ ಹೊಸ ಕ್ಲಬ್ಬೇ ಲಿವರ್‌ಪೂಲ್. 1890–91ರಲ್ಲಿ ಎವರ್ಟನ್ ಗೆದ್ದ ಮೊದಲ ಲೀಗ್ ಪ್ರಶಸ್ತಿಯೂ ಆ್ಯನ್‌ಫೀಲ್ಡಿನ ಕಾಲದ್ದೇ. ಲೀಗ್ ಪಂದ್ಯಗಳಲ್ಲಿ ಅತಿ ದೊಡ್ಡ ಗೆಲುವು 9–1; ಅದು ಎರಡು ಬಾರಿ ಬಂದಿದೆ, 1906ರಲ್ಲಿ ಮ್ಯಾಂಚೆಸ್ಟರ್ ಸಿಟಿ ವಿರುದ್ಧ ಮತ್ತು 1930ರಲ್ಲಿ ಪ್ಲಿಮತ್ ವಿರುದ್ಧ.

ಸೋಲು 4–10, ಟಾಟನ್‌ಹ್ಯಾಮ್ ಎದುರು, 1958ರ ಅಕ್ಟೋಬರ್ 11ರಂದು. ಅಂತರವನ್ನಷ್ಟೇ ನೋಡಿದರೆ 2005ರಲ್ಲಿ ಆರ್ಸೆನಲ್ ಎದುರಿನ 0–7ರಂಥ ಇನ್ನೂ ದೊಡ್ಡ ಸೋಲುಗಳಿವೆ, ಆದರೆ ಹತ್ತು ಗೋಲು ಬಿಟ್ಟುಕೊಟ್ಟದ್ದು ಮರೆಯುವಂಥದ್ದಲ್ಲ. ಟಾಟನ್‌ಹ್ಯಾಮ್‌ನ ವ್ಯವಸ್ಥಾಪಕರಾಗಿ ಬಿಲ್ ನಿಕಲ್ಸನ್ ಅವರಿಗೆ ಅದೇ ಮೊದಲ ಪಂದ್ಯ. ಎವರ್ಟನ್ನಿನ ಜಿಮ್ಮಿ ಹ್ಯಾರಿಸ್ ಅಂದು ಹ್ಯಾಟ್ರಿಕ್ ಹೊಡೆದ. ಪಾಪ, ಯಾರಿಗೆ ನೆನಪಿದೆ?

ಪ್ರಶ್ನೆ: ಗುಡಿಸನ್ ಪಾರ್ಕಿನಲ್ಲಿ ಒಮ್ಮೆ 78,299 ಪ್ರೇಕ್ಷಕರು ಸೇರಿದ್ದರೆಂದು ಓದಿದೆ. ಆದರೆ ಅದರ ಸಾಮರ್ಥ್ಯ 39 ಸಾವಿರವೆಂದೇ ಎಲ್ಲೆಡೆ ಇದೆ. ಇದು ಅಚ್ಚಿನ ದೋಷವೇ?
— ಓದುಗರು, ಸಿರುಗುಪ್ಪ

ಉತ್ತರ: ದೋಷವಲ್ಲ. 1948ರ ಸೆಪ್ಟೆಂಬರ್ 18ರಂದು ಲಿವರ್‌ಪೂಲ್ ವಿರುದ್ಧದ ಪಂದ್ಯಕ್ಕೆ ಅಷ್ಟು ಜನ ಬಂದಿದ್ದರು. ಅಂದಿನ ಅಂಗಳಗಳಲ್ಲಿ ಬಹುಪಾಲು ಜನ ಕೂರುತ್ತಿರಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಇಳಿಜಾರಿನ ಮೇಲೆ ಭುಜಕ್ಕೆ ಭುಜ ತಾಗಿಸಿಕೊಂಡು ನಿಲ್ಲುತ್ತಿದ್ದರು. 1989ರಲ್ಲಿ ಶೆಫೀಲ್ಡಿನ ಹಿಲ್ಸ್‌ಬರೊ ಅಂಗಳದ ನೂಕುನುಗ್ಗಲಿನಲ್ಲಿ ಲಿವರ್‌ಪೂಲ್‌ನ 97 ಅಭಿಮಾನಿಗಳು ಸಾವಿಗೀಡಾದ ಬಳಿಕ ನ್ಯಾಯಮೂರ್ತಿ ಟೇಲರ್ ಅವರು ನೀಡಿದ ವರದಿಯಂತೆ ಅಗ್ರ ದರ್ಜೆಯ ಅಂಗಳಗಳಲ್ಲಿ ಪ್ರತಿಯೊಬ್ಬರಿಗೂ ಕುರ್ಚಿ ಕಡ್ಡಾಯವಾಯಿತು, ಸಾಮರ್ಥ್ಯಗಳು ಇಳಿದವು. ಹೀಗಾಗಿ 78,299 ಮುರಿಯದ ದಾಖಲೆಯಾಗಿ ಉಳಿದಿದೆ, ಇನ್ನು ಮುರಿಯುವ ಸಂಭವವೂ ಇಲ್ಲ. ಎವರ್ಟನ್ ಪುರುಷರ ತಂಡ 2025ರ ಮೇ 18ರಂದು ಸೌತ್‌ಹ್ಯಾಂಪ್ಟನ್ ವಿರುದ್ಧ 2–0ರಿಂದ ಗೆದ್ದು ಗುಡಿಸನ್‌ಗೆ ವಿದಾಯ ಹೇಳಿತು; ಆ ಎರಡೂ ಗೋಲುಗಳು ಸೆನೆಗಲ್‌ನ ಇಲಿಮಾನ್ ಎನ್‌ಡಿಯಾಯೆ ಹೊಡೆದವು. ಮರ್ಸಿ ನದಿಯ ದಂಡೆಯ ಹಳೆಯ ಹಡಗುಕಟ್ಟೆಯಲ್ಲಿ ಕಟ್ಟಿದ, ಸುಮಾರು 53 ಸಾವಿರ ಜನ ಹಿಡಿಸುವ ಹೊಸ ಅಂಗಳದಲ್ಲಿ ಆಗಸ್ಟ್‌ನಲ್ಲಿ ಬ್ರೈಟನ್ ವಿರುದ್ಧ ನಡೆದ ಮೊದಲ ಲೀಗ್ ಪಂದ್ಯದ ಮೊದಲ ಗೋಲೂ ಅವನದೇ. ಇದು ದೊಡ್ಡ ದಾಖಲೆಯಲ್ಲ, ಆದರೆ ಎರಡನೆಯವನಿಗೆ ಸಿಗುವಂಥದ್ದೂ ಅಲ್ಲ.

ಪ್ರಶ್ನೆ: ನೀವು ಬರೆಯುವ ದಾಖಲೆಗಳೆಲ್ಲ ಪುರುಷರವೇ. ಆ ಅಂಗಳದಲ್ಲಿ ಮಹಿಳೆಯರು ಆಡಿಯೇ ಇಲ್ಲವೇ?
— ಉಪನ್ಯಾಸಕಿ, ಲಿಂಗಸುಗೂರು

ಉತ್ತರ: ಆಡಿದ್ದಾರೆ ಮೇಡಂ, ಅದೂ ನೂರು ವರ್ಷಗಳ ಹಿಂದೆಯೇ. ಪ್ರೆಸ್ಟನ್ ಪಟ್ಟಣದ ಡಿಕ್, ಕೆರ್ ಕಾರ್ಖಾನೆಯಲ್ಲಿ ಯುದ್ಧಕಾಲದಲ್ಲಿ ಮದ್ದುಗುಂಡು ತಯಾರಿಸುತ್ತಿದ್ದ ಹೆಣ್ಣುಮಕ್ಕಳು ಕಟ್ಟಿದ ತಂಡ 1920ರ ಡಿಸೆಂಬರ್ 26ರಂದು ಗುಡಿಸನ್ ಪಾರ್ಕಿನಲ್ಲಿ ಸೇಂಟ್ ಹೆಲೆನ್ಸ್ ಮಹಿಳೆಯರ ತಂಡವನ್ನು 4–0ರಿಂದ ಸೋಲಿಸಿತು. ಒಳಗೆ ಸುಮಾರು 53 ಸಾವಿರ ಪ್ರೇಕ್ಷಕರಿದ್ದರು. ಜಾಗ ಸಿಗದೆ ಸಾವಿರಾರು ಜನ ಹೊರಗೇ ಉಳಿದರು. ಹಣವೆಲ್ಲ ಸಹಾಯಾರ್ಥ ನಿಧಿಗೆ ಹೋಯಿತು. ಮರುವರ್ಷ, 1921ರ ಡಿಸೆಂಬರ್ 5ರಂದು, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಈ ಆಟ ಹೆಂಗಸರಿಗೆ ತಕ್ಕದ್ದಲ್ಲವೆಂದು ಹೇಳಿ, ತನ್ನ ಸದಸ್ಯ ಕ್ಲಬ್ಬುಗಳು ಅವರಿಗೆ ಅಂಗಳ ಕೊಡಕೂಡದೆಂದು ನಿರ್ಬಂಧಿಸಿತು. ಆ ನಿರ್ಬಂಧ ಸುಮಾರು ಅರ್ಧ ಶತಮಾನ ಜಾರಿಯಲ್ಲಿತ್ತು. ಆದ್ದರಿಂದ ನಾವು ಮೇಲೆ ಕೂಡಿ ಕಳೆದು ತೋರಿಸಿದ ಅಷ್ಟೂ ಋತುಗಳ ಪಟ್ಟಿಯಲ್ಲಿ ಮಹಿಳೆಯರ ಹೆಸರು ಕಾಣದಿರುವುದಕ್ಕೆ ಅವರು ಆಡದಿದ್ದುದು ಕಾರಣವಲ್ಲ, ಆಡಗೊಡದಿದ್ದುದು ಕಾರಣ. ಮಹಿಳಾ ಕ್ಲಬ್ ಪಂದ್ಯವೊಂದಕ್ಕೆ ಅದಕ್ಕಿಂತ ಹೆಚ್ಚು ಜನ ಸೇರಿದ್ದನ್ನು ಕಾಣಲು 2019ರವರೆಗೆ ಕಾಯಬೇಕಾಯಿತು. ಅದು ಮ್ಯಾಡ್ರಿಡ್‌ನಲ್ಲಿ, ಅಟ್ಲೆಟಿಕೊ ಮತ್ತು ಬಾರ್ಸಿಲೋನಾ ನಡುವೆ, 60,739 ಪ್ರೇಕ್ಷಕರೊಂದಿಗೆ. ಪುರುಷರು ಬಿಟ್ಟುಹೋದ ಗುಡಿಸನ್ ಪಾರ್ಕನ್ನು ಕೆಡವಬೇಕೆಂಬ ಹಳೆಯ ಯೋಜನೆಯನ್ನು ಕೈಬಿಟ್ಟು, 2025ರಿಂದ ಅದನ್ನು ಎವರ್ಟನ್ ಮಹಿಳಾ ತಂಡದ ಕಾಯಂ ಅಂಗಳವನ್ನಾಗಿ ಮಾಡಲಾಗಿದೆ.

ಪ್ರಶ್ನೆ: ಎವರ್ಟನ್ ಗೆಲ್ಲದೆ ಉಳಿದ ಪ್ರಶಸ್ತಿ ಯಾವುದು?
— ಓದುಗರು, ಮಾನ್ವಿ

ಉತ್ತರ: ಇಂಗ್ಲೆಂಡಿನೊಳಗಿನ ದೊಡ್ಡ ಪ್ರಶಸ್ತಿಗಳಲ್ಲಿ ಲೀಗ್ ಕಪ್, ಅಂದರೆ ಲೀಗ್ ಪ್ರಶಸ್ತಿಯಿಂದ ಬೇರೆಯಾದ ಒಂದು ನಾಕೌಟ್ ಪಂದ್ಯಾವಳಿ. ಒಂಬತ್ತು ಬಾರಿ ಲೀಗ್, ಐದು ಬಾರಿ ಎಫ್.ಎ. ಕಪ್ ಗೆದ್ದ ಕ್ಲಬ್ 1977 ಮತ್ತು 1984ರಲ್ಲಿ ಲೀಗ್ ಕಪ್ ಫೈನಲ್ ತಲುಪಿ ಎರಡೂ ಸಲ ಸೋತಿತು. 1977ರ ಫೈನಲ್ ಅಂತೂ ಎರಡು ಸಲ ಡ್ರಾ ಆಗಿ ಮೂರನೆಯ ಪಂದ್ಯದಲ್ಲಿ, ಅದೂ ಹೆಚ್ಚುವರಿ ಅವಧಿಯಲ್ಲಿ, ಆಸ್ಟನ್ ವಿಲ್ಲಾ ಪಾಲಾಯಿತು.

ಪ್ರಶ್ನೆ: ದಾಖಲೆಗಳೆಲ್ಲ ಗೋಲು ಹೊಡೆಯುವವರಿಗೇ ಏಕೆ? ತೋರಣಗಲ್ಲಿನ ಕ್ರೀಡಾ ಸಂಸ್ಥೆಯ ಆಯ್ಕೆಗಾಗಿ ಗೋಲ್‌ಕೀಪರ್ ಆಗಿ ಅಭ್ಯಾಸ ಮಾಡುತ್ತಿರುವ ನನಗೂ ಒಂದೆರಡು ಹೆಸರು ಹೇಳಿ.
— ವಿದ್ಯಾರ್ಥಿ, ಸಂಡೂರು

ಉತ್ತರ: ಎವರ್ಟನ್ ಪರ ಅತಿ ಹೆಚ್ಚು ಪಂದ್ಯ ಆಡಿದವನು ಗೋಲ್‌ಕೀಪರನೇ. ವೇಲ್ಸ್‌ನ ನೆವಿಲ್ ಸೌತಾಲ್ 1981ರಿಂದ 1998ರ ನಡುವೆ 751 ಪಂದ್ಯ ಆಡಿದ. ಅವುಗಳಲ್ಲಿ 578 ಲೀಗ್ ಪಂದ್ಯಗಳು. ಅವನು ಯಾವ ದೊಡ್ಡ ಅಕಾಡೆಮಿಯಿಂದಲೂ ಬಂದವನಲ್ಲ. ಬೀದಿ ಕಸ ಎತ್ತುವ, ಕಟ್ಟಡಕ್ಕೆ ಇಟ್ಟಿಗೆ ಹೊರುವ ಕೆಲಸ ಮಾಡಿಕೊಂಡು ಸಣ್ಣ ಕ್ಲಬ್ಬುಗಳಲ್ಲಿ ಆಡುತ್ತಿದ್ದವನನ್ನು ಬೆರಿ ಎಂಬ ಕ್ಲಬ್ ಕರೆದುಕೊಂಡಿತು. ಅಲ್ಲಿಂದ ಎವರ್ಟನ್ ಒಂದೂವರೆ ಲಕ್ಷ ಪೌಂಡ್ ಕೊಟ್ಟು ಖರೀದಿಸಿತು. 1985ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಬರಹಗಾರರು ವರ್ಷದ ಆಟಗಾರನೆಂದು ಆರಿಸಿದ್ದು ಅವನನ್ನು, ಗೋಲು ಹೊಡೆದ ಯಾರನ್ನೂ ಅಲ್ಲ.

ಗೋಲು ಹೊಡೆಯುವ ಆಸೆಯೂ ನಿನಗಿದ್ದರೆ ಅಮೆರಿಕದ ಟಿಮ್ ಹವರ್ಡ್ ಹೆಸರನ್ನು ಬರೆದುಕೋ. 2012ರ ಜನವರಿ 4ರಂದು ಬೋಲ್ಟನ್ ವಿರುದ್ಧ ತನ್ನ ಗೋಲಿನ ಮುಂದಿನಿಂದ ಅವನು ಒದ್ದ ಚೆಂಡು ಗಾಳಿಯ ಸಹಾಯದಿಂದ ಅಂಗಳದ ಉದ್ದಕ್ಕೂ ಹಾರಿ, ನೆಲಕ್ಕೆ ಬಡಿದು ಪುಟಿದು, ಎದುರಿನ ಗೋಲ್‌ಕೀಪರನ ತಲೆಯ ಮೇಲಿಂದ ಬಲೆ ಸೇರಿತು. ಅವನು ಸಂಭ್ರಮಿಸಲಿಲ್ಲ, ತನ್ನಂಥ ಗೋಲ್‌ಕೀಪರನೊಬ್ಬನಿಗೆ ಆದ ಮುಜುಗರ ಎಂಥದ್ದೆಂದು ಅವನಿಗೆ ಗೊತ್ತಿತ್ತು. ಆ ಪಂದ್ಯವನ್ನು 2–1ರಿಂದ ಗೆದ್ದದ್ದು ಬೋಲ್ಟನ್.